ಆಕ್ಸಿಟೋಸಿನ್ ಒಂದೇ ಅಲ್ಲ
ಪ್ರೀತಿಯ ಕುರಿತ ನಿಮ್ಮ ಲೇಖನದಲ್ಲಿ, ಹೊಸ ಜೋಡಿಯನ್ನು ಬೆಸೆಯುವುದು ಆಕ್ಸಿಟೋಸಿನ್ ಎಂಬ ಹಾರ್ಮೋನೇ, ಅದಿಲ್ಲದಿದ್ದರೆ ಪ್ರೀತಿಯೇ ಇಲ್ಲ ಎಂದು ಬರೆದಿದ್ದೀರಿ. ಇದನ್ನು ಒಪ್ಪಲಾರೆ. ಈ ನಂಬಿಕೆ ಬಲವಾಗಿ ಬೇರೂರಿದ್ದೇ ಜೋಡಿಯಾಗಿ ಬಾಳುವ ಪ್ರೇರಿ ವೋಲ್ ಎಂಬ ಇಲಿಯಂಥ ಪುಟ್ಟ ಪ್ರಾಣಿಯ ಮೇಲಿನ ಅಧ್ಯಯನಗಳಿಂದ. ಆದರೆ 2023ರಲ್ಲಿ ಸಂಶೋಧಕರು ಆಕ್ಸಿಟೋಸಿನ್ ಗ್ರಾಹಕವೇ (ಜೀವಕೋಶಗಳಲ್ಲಿ ಆ ಹಾರ್ಮೋನಿನ ಸಂದೇಶ ಹಿಡಿಯುವ ಭಾಗವೇ) ಇಲ್ಲದ ವೋಲ್‌ಗಳನ್ನು ಬೆಳೆಸಿ ನೋಡಿದರು. ಅವೂ ಜೋಡಿ ಕಟ್ಟಿದವು, ಸಂಗಾತಿಗೆ ಮೈಯೊತ್ತಿ ಕೂತವು, ಹೊಸಬರನ್ನು ದೂರವಿಟ್ಟವು.

ಇನ್ನೊಂದು ಮಾತು. ಹೊಸದಾಗಿ ಪ್ರೀತಿಗೆ ಬಿದ್ದವರಲ್ಲಿ ಒತ್ತಡದ ಹಾರ್ಮೋನು ಕಾರ್ಟಿಸೋಲ್ ಏರಿರುವುದು 2004ರ ಇಟಲಿಯ ಅಧ್ಯಯನದಲ್ಲಿ ಕಂಡುಬಂದಿತ್ತು. ಮೆಸೇಜಿಗೆ ಉತ್ತರ ಬರುವುದು ತಡವಾದರೆ ಎದೆ ಡವಡವ, ಊಟ ಸೇರದು, ನಿದ್ದೆ ಹತ್ತದು. ಆ ತಳಮಳದ ಬಗ್ಗೆ ಲೇಖನದಲ್ಲಿ ಒಂದು ಸಾಲೂ ಇಲ್ಲವಲ್ಲ ಎಂಬುದೇ ನನ್ನ ಬೇಸರ. ಬರೀ ನೆಮ್ಮದಿಯ ಚಿತ್ರ ಕೊಟ್ಟರೆ, ಆ ತಳಮಳವನ್ನು ಅನುಭವಿಸುತ್ತಿರುವ ಎಳೆಯರು ತಮಗೇನೋ ಆಗಿದೆ ಎಂದು ಹೆದರುತ್ತಾರೆ.