ಕಡಿಮೆ ಎಚ್‌ಒಎ ಕಂಡರೆ ನನಗೆ ಭಯ

ಅಮೆರಿಕದ ಮಿನ್ನೆಸೋಟ ರಾಜ್ಯದ ಮಿನಿಯಾಪೊಲಿಸ್ ಸುತ್ತಮುತ್ತ ಮನೆ ಕೊಳ್ಳಲು ಹೊರಟ ನಮ್ಮವರು ಬೆಲೆ ಕೇಳಿದ ಮರುಗಳಿಗೆಯಲ್ಲೇ ಕೇಳುವುದು, “ಎಚ್‌ಒಎ ಎಷ್ಟು?” ಎಚ್‌ಒಎ ಎಂದರೆ ಮನೆ ಮಾಲೀಕರ ಸಂಘ; ಗೋಡೆ ಹಂಚಿಕೊಂಡ ಸಾಲುಮನೆ (ಟೌನ್‌ಹೋಮ್), ಫ್ಲ್ಯಾಟ್ (ಕಾಂಡೊ)ಗಳಲ್ಲಿ ಛಾವಣಿ, ಹೊರಗೋಡೆ, ಹಿಮ, ಹುಲ್ಲು, ಕಟ್ಟಡದ ವಿಮೆ ನೋಡಿಕೊಳ್ಳಲು ಅದು ಪಡೆಯುವ ಶುಲ್ಕಕ್ಕೂ ಅದೇ ಹೆಸರು. ತಿಂಗಳಿಗೆ 400 ಡಾಲರ್ ಎಂದರೆ ಮುಖ ಸಿಂಡರಿಸುತ್ತಾರೆ, 150 ಎಂದರೆ ಅರಳುತ್ತದೆ. ಸ್ವತಂತ್ರ ಮನೆಗೆ ಆ ಶುಲ್ಕವೇ ಇಲ್ಲವಲ್ಲ ಎಂದು ಸಾಲ ಇನ್ನಷ್ಟು ಏರಿಸಿ ಅದನ್ನೇ ಕೊಳ್ಳುವವರೂ ಇದ್ದಾರೆ. ಈ ಲೆಕ್ಕಾಚಾರವೇ ತಲೆಕೆಳಗು ಎನ್ನುವುದು ನನ್ನ ತಕರಾರು. ಮಿನ್ನೆಸೋಟದ ಚಳಿಗೆ ಎಲ್ಲರೂ ಕಪ್ಪ ಕಟ್ಟಲೇಬೇಕು. ಕೆಲವರು ತಿಂಗಳು ತಿಂಗಳು ಕಟ್ಟುತ್ತಾರೆ, ಕೆಲವರು ವರ್ಷಗಟ್ಟಲೆ ಸುಮ್ಮನಿದ್ದು ಒಮ್ಮೆಲೇ ಇಡುಗಂಟು ಕಟ್ಟುತ್ತಾರೆ.

ಸ್ವತಂತ್ರ ಮನೆಯನ್ನೇ ಮೊದಲು ನೋಡಿ. ಇಲ್ಲಿ ನೆಲ ಹೆಪ್ಪುಗಟ್ಟುವ ಆಳಕ್ಕೆ ತಕ್ಕಂತೆ ಅಡಿಪಾಯ ಕನಿಷ್ಠ 42 ಅಂಗುಲ ಇಳಿಯಬೇಕು, ರಾಜ್ಯದ ಉತ್ತರಕ್ಕೆ ಹೋದರೆ 60 ಅಂಗುಲ. ಹೇಗೂ ಅಷ್ಟು ಅಗೆಯಬೇಕಲ್ಲ ಎಂದು ನೆಲಮಾಳಿಗೆಯನ್ನೂ ಕಟ್ಟಿಬಿಡುತ್ತಾರೆ. ನೆಲಮಾಳಿಗೆ ಬಂದ ಮೇಲೆ ನೀರೆತ್ತುವ ಸಂಪ್ ಪಂಪ್ ಬೇಕು, ರೇಡಾನ್ ಪರೀಕ್ಷೆ ಬೇಕು. ಇಲ್ಲಿನ ಐದರಲ್ಲಿ ಎರಡು ಮನೆಗಳಲ್ಲಿ ಆ ವಿಕಿರಣಶೀಲ ಅನಿಲ ಹೆಚ್ಚಿನ ಮಟ್ಟದಲ್ಲಿದೆ ಎಂದು ರಾಜ್ಯದ ಆರೋಗ್ಯ ಇಲಾಖೆಯೇ ಹೇಳುತ್ತದೆ. ಮಿನಿಯಾಪೊಲಿಸ್ ನಗರದೊಳಗಾದರೆ ಹಿಮ ನಿಂತ 24 ಗಂಟೆಯೊಳಗೆ ಮನೆ ಮುಂದಿನ ಕಾಲುದಾರಿಯನ್ನು ನೀವೇ ತೆರವು ಮಾಡಬೇಕು. ಸಲಿಕೆ ಹಿಡಿದು ಡ್ರೈವ್‌ವೇ ಶುಚಿ ಮಾಡಿ ಒಳಗೆ ಬಂದು ಕಾಫಿ ಕುಡಿಯುವಷ್ಟರಲ್ಲಿ ಹಿಮ ತಳ್ಳುವ ಲಾರಿ ಬಂದು, ರಸ್ತೆಯ ಹಿಮವನ್ನೆಲ್ಲ ನಿಮ್ಮ ಬಾಗಿಲಿಗೇ ಅಡ್ಡ ಹಾಕಿ ಹೋಗಿರುತ್ತದೆ. ಅದು ಹಿಮದಂತೆ ಹಗುರವಲ್ಲ, ರಾತ್ರಿ ಕಳೆದರೆ ಕಲ್ಲು.

ಛಾವಣಿಯದು ಇನ್ನೊಂದು ರಗಳೆ. ಮನೆಯೊಳಗಿನ ಬಿಸಿ ಅಟ್ಟಕ್ಕೆ ಸೋರಿ, ಮೇಲೆ ಕುಳಿತ ಹಿಮವನ್ನು ಅಡಿಯಿಂದ ಕರಗಿಸುತ್ತದೆ. ನೀರು ಸೂರಿನ ಅಂಚಿಗೆ ಇಳಿದಾಗ ಅಲ್ಲಿ ಬಿಸಿಯಿಲ್ಲ, ಮತ್ತೆ ಹೆಪ್ಪುಗಟ್ಟುತ್ತದೆ. ದಿನೇ ದಿನೇ ಬೆಳೆದು ಒಡ್ಡಾಗುತ್ತದೆ. ಇದೇ ಐಸ್ ಡ್ಯಾಮ್. ಒಡ್ಡಿನ ಹಿಂದೆ ನಿಂತ ನೀರು ಛಾವಣಿಗೆ ಹೊದಿಸಿದ ಬಿಲ್ಲೆಗಳಾದ ಶಿಂಗಲ್‌ಗಳ ಅಡಿಗೆ ನುಸುಳುತ್ತದೆ. ಪರಿಚಯದವರೊಬ್ಬರ ಮನೆಯಲ್ಲಿ ಫೆಬ್ರವರಿಯ ಒಂದು ಬೆಳಿಗ್ಗೆ ದೇವರ ಕೋಣೆಯ ಮೂಲೆಯಲ್ಲಿ ಚಹಾ ಬಣ್ಣದ ಕಲೆ ಕಾಣಿಸಿತು, ಸಂಜೆಗೆ ಅದು ತಟ್ಟೆಯಗಲವಾಯಿತು. ಹಬೆ ಹಾಯಿಸಿ ಮಂಜುಗಡ್ಡೆ ಕರಗಿಸುವವರು ಗಂಟೆಗಿಷ್ಟು ಎಂದು ವಸೂಲಿ ಮಾಡಿದರು. ರೋಗ ಇದ್ದದ್ದು ಅಟ್ಟದ ಬಿರುಕುಗಳಲ್ಲಿ. ಅದನ್ನು ಮುಚ್ಚಿ, ಉಷ್ಣ ತಡೆಯುವ ಹೊದಿಕೆ ಹಾಕಿಸಲು ಮತ್ತೊಂದು ಬಿಲ್.

ಈಗ ಒರಟು ಲೆಕ್ಕ ಹಾಕಿ. ಛಾವಣಿ ಬದಲಿಸಲು 18,000 ಡಾಲರ್, ಅದು 20 ವರ್ಷ ಬಾಳುತ್ತದೆ ಎಂದಿಟ್ಟುಕೊಂಡರೆ ತಿಂಗಳಿಗೆ 75. ಹಿಮ ತೆಗೆಸಲು, ಹುಲ್ಲು ಕತ್ತರಿಸಲು ವರ್ಷಕ್ಕೆ 1,200 ಎಂದರೆ ತಿಂಗಳಿಗೆ 100. ಹೊರಗೋಡೆ, ಡ್ರೈವ್‌ವೇಗೆ 50. ಸ್ವತಂತ್ರ ಮನೆಯ ವಿಮೆ ಟೌನ್‌ಹೋಮಿನ ಒಳಭಾಗದ ವಿಮೆಗಿಂತ ವರ್ಷಕ್ಕೆ 1,800 ಹೆಚ್ಚು ಎಂದರೆ ಮತ್ತೆ 150. ಅಲ್ಲಿಗೆ 375 ಆಯಿತು. ಎಚ್‌ಒಎ ಇಲ್ಲ ಎಂದು ಬೀಗುವ ಮನೆ ಎಚ್‌ಒಎಯಷ್ಟೇ ದುಡ್ಡು ತಿನ್ನುತ್ತಿದೆ, ರಸೀದಿ ಕೊಡುತ್ತಿಲ್ಲ ಅಷ್ಟೇ. ಮನೆ ಬಿಸಿ ಮಾಡುವ ಫರ್ನೇಸನ್ನು ಬೇಕೆಂದೇ ಬಿಟ್ಟಿದ್ದೇನೆ, ಟೌನ್‌ಹೋಮಿನಲ್ಲೂ ಅದು ಸಾಮಾನ್ಯವಾಗಿ ನಿಮ್ಮ ತಲೆಗೇ. ಸಾಲ ಏರಿದರೂ ಬಡ್ಡಿಗೆ ತೆರಿಗೆ ವಿನಾಯಿತಿ ಸಿಗುತ್ತದಲ್ಲ ಎನ್ನುವವರಿಗೆ ಒಂದೇ ಮಾತು: 2018ರಿಂದ ಸ್ಟ್ಯಾಂಡರ್ಡ್ ಡಿಡಕ್ಷನ್ (ಖರ್ಚಿನ ಲೆಕ್ಕ ಕೊಡದೆಯೇ ಸಿಗುವ ತೆರಿಗೆ ಕಡಿತ) ಹೆಚ್ಚುಕಡಿಮೆ ಇಮ್ಮಡಿಯಾದ ಮೇಲೆ ಬಹುಪಾಲು ಮನೆಯವರಿಗೆ ಸಾಲದ ಬಡ್ಡಿಯ ವಿನಾಯಿತಿಯಿಂದ ಹೆಚ್ಚಿನ ಲಾಭವೇನೂ ಉಳಿದಿಲ್ಲ.

ಟೌನ್‌ಹೋಮಿನಲ್ಲಿ ನಡುವಿನ ಮನೆಗೂ ತುದಿಯ ಮನೆಗೂ ಇರುವ ಅಂತರವನ್ನು ಯಾರೂ ಲೆಕ್ಕಕ್ಕೆ ಹಿಡಿಯುವುದಿಲ್ಲ. ಮೂರು ಕಡೆ ಕಿಟಕಿ, ಒಳ್ಳೆಯ ಬೆಳಕು ಎಂದು ತುದಿಯ ಮನೆಗೆ ಹೆಚ್ಚು ಬೆಲೆ ಕೊಡುತ್ತಾರೆ. 2019ರ ಜನವರಿ 30ರಂದು ಇಲ್ಲಿ ಉಷ್ಣಾಂಶ ಸೊನ್ನೆಗಿಂತ 28 ಡಿಗ್ರಿ ಫ್ಯಾರನ್‌ಹೀಟ್ ಕೆಳಗಿಳಿದಿತ್ತು, ನಮ್ಮ ಲೆಕ್ಕದಲ್ಲಿ ಮೈನಸ್ 33 ಸೆಲ್ಸಿಯಸ್. ಅಂಥ ದಿನ ಎರಡೂ ಬದಿಯ ನೆರೆಯವರು ಪುಕ್ಕಟೆಯಾಗಿ ನಿಮ್ಮ ಗೋಡೆ ಬೆಚ್ಚಗಿಡುತ್ತಾರೆ. ನಾನಾದರೆ ನಡುವಿನ ಮನೆಯನ್ನೇ ಆರಿಸುತ್ತೇನೆ. ಪಕ್ಕದ ಮನೆಯ ಒಗ್ಗರಣೆಯ ಸದ್ದು ಕೇಳಿದರೂ ಪರವಾಗಿಲ್ಲ.

ಕಾಂಡೊಗಳಲ್ಲಿ ಶುಲ್ಕ ಹೆಚ್ಚು, ನಿಜ. ಆದರೆ ಮಿನಿಯಾಪೊಲಿಸ್, ಸೇಂಟ್ ಪಾಲ್ ಎರಡೂ ನಗರಗಳ ಹಳೆಯ ಕಟ್ಟಡಗಳಲ್ಲಿ ಎಲ್ಲರಿಗೂ ಒಂದೇ ಬಾಯ್ಲರ್ ಇದ್ದು, ಬಿಸಿಯೂ ನೀರೂ ಆ ಶುಲ್ಕದಲ್ಲೇ ಸೇರಿರುವುದುಂಟು. ಅದನ್ನು ಟೌನ್‌ಹೋಮಿನ ಶುಲ್ಕದ ಪಕ್ಕದಲ್ಲಿಟ್ಟು ಹೋಲಿಸಿದರೆ ಅರ್ಥವಿಲ್ಲ. ಕಾಂಡೊದಲ್ಲಿ ನನ್ನನ್ನು ಹೆದರಿಸುವುದು ನೆಲದಡಿಯ ಗ್ಯಾರೇಜು. ಚಳಿಯಲ್ಲಿ ಅದಕ್ಕಿಂತ ಸುಖವಿಲ್ಲ. ಕಾರಿನ ಗಾಜಿನ ಮಂಜು ಕೆರೆಯುವ ಕೆಲಸವೇ ಇಲ್ಲ. ಆದರೆ ಹಿಮ ಕರಗಿಸಲು ರಸ್ತೆಗೆ ಸುರಿದ ಉಪ್ಪನ್ನು ನೂರಾರು ಕಾರುಗಳು ಹೊತ್ತು ತಂದು ಆ ಕಾಂಕ್ರೀಟಿನ ಮೇಲೆ ಹನಿಸುತ್ತವೆ. ಉಪ್ಪುನೀರು ಒಳಗಿಳಿದು ಕಬ್ಬಿಣದ ಸರಳು ಹಿಡಿದರೆ ತುಕ್ಕು ಉಬ್ಬಿ ಕಾಂಕ್ರೀಟನ್ನೇ ಸೀಳುತ್ತದೆ. ಗ್ಯಾರೇಜಿನ ತೂಬಿನ ಸುತ್ತ, ಕಂಬಗಳ ಬುಡದಲ್ಲಿ ಕಂದು ಬಣ್ಣದ ಗೆರೆಗಳಿವೆಯೇ ಎಂದು ಬಗ್ಗಿ ನೋಡಿ. ಮನೆ ತೋರಿಸುವ ಏಜೆಂಟ್ ಲಿಫ್ಟ್ ಬಳಿ ಕಾಯಲಿ.

ಇನ್ನು ಆಲಿಕಲ್ಲು. ನಲವತ್ತು ಮನೆಗಳ ಸಂಘ, ಕಟ್ಟಡಗಳ ವಿಮೆ ಒಂದು ಕೋಟಿ ಡಾಲರಿಗೆ, ಗಾಳಿ–ಆಲಿಕಲ್ಲಿನ ಹಾನಿಗೆ ಡಿಡಕ್ಟಿಬಲ್ (ಸಂಘವೇ ಭರಿಸಬೇಕಾದ ಪಾಲು) ಆ ಮೊತ್ತದ ಶೇ. 2 ಎಂದಿಟ್ಟುಕೊಳ್ಳಿ. ವಿಮಾ ಕಂಪನಿ ದುಡ್ಡು ಬಿಚ್ಚುವ ಮೊದಲು ಎರಡು ಲಕ್ಷ ಡಾಲರ್ ಸಂಘದ ಪಾಲು, ಅಂದರೆ ಮನೆಗೆ 5,000. ಶುಲ್ಕದಿಂದ ಉಳಿಸಿಟ್ಟ ಮೀಸಲು ನಿಧಿಯಲ್ಲಿ ಹಣವಿದ್ದರೆ ಸರಿ, ಇಲ್ಲದಿದ್ದರೆ ಸ್ಪೆಷಲ್ ಅಸೆಸ್‌ಮೆಂಟ್ ಎಂಬ ಹೆಚ್ಚುವರಿ ವಸೂಲಿಯ ಪತ್ರ ನಿಮ್ಮ ಮನೆಗೆ ಬರುತ್ತದೆ. ನಿಮ್ಮ ಸ್ವಂತ ವಿಮೆಯಲ್ಲಿ ಇದಕ್ಕೆ ಲಾಸ್ ಅಸೆಸ್‌ಮೆಂಟ್ ಎಂಬ ರಕ್ಷಣೆ ಸಿಗುತ್ತದೆ. ಅದರ ಮಿತಿ ಎಷ್ಟು, ಸಂಘದ ಡಿಡಕ್ಟಿಬಲ್‌ಗೂ ಅದು ಅನ್ವಯಿಸುತ್ತದೆಯೇ ಎಂದು ಬರಹದಲ್ಲಿ ಕೇಳಿ ಪಡೆಯಿರಿ.

ಕಡಿಮೆ ಶುಲ್ಕದ ಗುಟ್ಟು ಇಲ್ಲೇ ಇರುವುದು. ಶುಲ್ಕ ಏರಿಸಿದರೆ ಸಭೆಯಲ್ಲಿ ಬೈಗುಳ ಗ್ಯಾರಂಟಿ, ಏರಿಸದಿದ್ದರೆ ಪದಾಧಿಕಾರಿಗಳಿಗೆ ಚಪ್ಪಾಳೆ. ಬೆಂಗಳೂರಿನ ಅಪಾರ್ಟ್‌ಮೆಂಟ್ ಸಂಘಗಳ ಸಭೆಯಲ್ಲಿ ಕುಳಿತವರಿಗೆ ಈ ನಾಟಕ ಹೊಸದಲ್ಲ. ವ್ಯತ್ಯಾಸವೆಂದರೆ, ಇಲ್ಲಿ ದುರಸ್ತಿ ಮುಂದೂಡಿದ ಬಿರುಕನ್ನು ಪ್ರತಿ ಚಳಿಗಾಲವೂ ಹೆಪ್ಪುಗಟ್ಟಿಸಿ, ಕರಗಿಸಿ ಇನ್ನಷ್ಟು ಅಗಲ ಮಾಡುತ್ತದೆ. ಮೀಸಲು ನಿಧಿ ಸಾಲುತ್ತದೆಯೇ ಎಂದು ಮೂರು ವರ್ಷಕ್ಕೊಮ್ಮೆಯಾದರೂ ಮರುಪರಿಶೀಲಿಸಬೇಕೆಂದು ಮಿನ್ನೆಸೋಟದ ಕಾನೂನು ಹೇಳುತ್ತದೆ. ಪರಿಶೀಲಿಸಿ ಸಾಲದು ಎಂದು ಗೊತ್ತಾದ ಮೇಲೂ ಸುಮ್ಮನೆ ಕೂರುವ ಸಂಘಗಳಿವೆ.

ತೋಟ, ಮಕ್ಕಳು, ಕೈಕೆಲಸದ ಹುಚ್ಚು ಮೂರೂ ಇದ್ದವರು ಸ್ವತಂತ್ರ ಮನೆ ಕೊಳ್ಳಲಿ, ಬೇಡವೆನ್ನಲು ನಾನು ಯಾರು? ಇಬ್ಬರೂ ದುಡಿಯುವ, ಡಿಸೆಂಬರಿನಲ್ಲಿ ಊರಿಗೆ ಹೋಗುವ ಸಂಸಾರಕ್ಕೆ ಮಾತ್ರ ಗಟ್ಟಿ ಮೀಸಲು ನಿಧಿಯಿರುವ, ಶುಲ್ಕ ಸ್ವಲ್ಪ ಹೆಚ್ಚೇ ಇರುವ ಟೌನ್‌ಹೋಮ್ ಮೇಲು ಎನ್ನುತ್ತೇನೆ. ಸಂಘದ ಮನೆ ಮಾರುವವರು ಇಲ್ಲಿ ಸಂಘದ ಹಣಕಾಸಿನ ವಿವರವಿರುವ ರೀಸೇಲ್ ಡಿಸ್‌ಕ್ಲೋಷರ್ ಎಂಬ ದಾಖಲೆ ಕೊಡಲೇಬೇಕು, ಅದು ಕೈಸೇರಿದ ಮೇಲೆ ಒಪ್ಪಂದ ರದ್ದು ಮಾಡಲು ನಿಮಗೆ 10 ದಿನ ಅವಕಾಶವಿದೆ. ಆ ದಿನಗಳನ್ನು ಪರದೆಯ ಬಣ್ಣ ಆರಿಸಲು ಕಳೆಯಬೇಡಿ, ಹಿಂದಿನ ಮೂರು ವರ್ಷಗಳ ಸಭೆಯ ನಡಾವಳಿ ತರಿಸಿ ಓದಿ. “ಛಾವಣಿ ದುರಸ್ತಿಯನ್ನು ಮುಂದಿನ ವರ್ಷಕ್ಕೆ ಮುಂದೂಡಲಾಯಿತು” ಎಂಬ ಸಾಲು ಎರಡು ಸಲ ಕಂಡರೆ ಬೇರೆ ಮನೆ ನೋಡಿ.