ಲ್ಯಾಬ್ ಪಟ್ಟಿ ಬಿಸಾಕಿ, ವೈವಾ ಉಳಿಸಿಕೊಳ್ಳಿ

ಅಮೆರಿಕದಲ್ಲಿ ಡಿಗ್ರಿ ಹುಡುಗರಿಗೆ ಕಂಪ್ಯೂಟರ್ ಸೈನ್ಸ್ ಪಾಠ ಮಾಡುತ್ತೇನೆ ಅಂದ ಕೂಡಲೇ ತೀರ್ಥಹಳ್ಳಿ ಕಡೆಯ ನಮ್ಮ ಜನ ಮೊದಲು ಕೇಳೋದು, ಅಲ್ಲಿನ ಸಿಲಬಸ್ ನಮ್ಮದಕ್ಕಿಂತ ತುಂಬಾ ಮುಂದಿರಬೇಕಲ್ವಾ ಅಂತ. ಎಂತದೂ ಇಲ್ಲ ಮಾರಾಯ್ರೆ. ಸ್ಟ್ಯಾಕ್, ಕ್ಯೂ, ಲಿಂಕ್ಡ್ ಲಿಸ್ಟ್, ಟ್ರೀ, ರಿಕರ್ಶನ್ (ಪ್ರೋಗ್ರಾಮಿನ ಒಂದು ತುಣುಕು ತನ್ನನ್ನೇ ಮತ್ತೆ ಕರೆಯೋದು) ಎಲ್ಲ ಎರಡೂ ಕಡೆ ಒಂದೇ. ಅಲ್ಲಿ ಪೈತಾನ್, ಜಾವಾದಿಂದ ಶುರು ಮಾಡುವವರು ಜಾಸ್ತಿ, ಇಲ್ಲಿ ಸಿ ಭಾಷೆಯಿಂದ. ನನ್ನ ಕೇಳಿದರೆ ಮೆಮೊರಿ ಹೇಗೆ ಕೆಲಸ ಮಾಡುತ್ತದೆ ಅಂತ ತಲೆಗೆ ಹತ್ತೋಕೆ ಸಿ ಭಾಷೆಯೇ ವಾಸಿ. ವ್ಯತ್ಯಾಸ ಇರೋದು ಪ್ರಶ್ನೆ ಯಾರು ಕೇಳುತ್ತಾರೆ, ಅದು ಮೊದಲೇ ಗೊತ್ತಿರುತ್ತದಾ ಇಲ್ವಾ ಅನ್ನೋದರಲ್ಲಿ.

ನಮ್ಮಲ್ಲಿ ಲ್ಯಾಬ್ ಪ್ರೋಗ್ರಾಮ್‌ಗಳ ಪಟ್ಟಿ ಸೆಮಿಸ್ಟರ್ ಶುರುವಿಗೇ ಕೈಗೆ ಬಂದಿರುತ್ತದೆ. ಅದನ್ನೇ ಮಾಡಿಸೋದು, ಅದನ್ನೇ ರೆಕಾರ್ಡಿನಲ್ಲಿ ಬರೆಸೋದು, ಪರೀಕ್ಷೆ ದಿನ ಅದರಲ್ಲೇ ಒಂದು ಚೀಟಿ ಎತ್ತಿಸೋದು. ವಿಟಿಯು, ಅಂದರೆ ವಿಶ್ವೇಶ್ವರಯ್ಯ ತಾಂತ್ರಿಕ ವಿವಿಯ 2018ರ ಸ್ಕೀಮಿನ ಲ್ಯಾಬ್ ಪರೀಕ್ಷೆ ನೋಡಿ, ನೂರಕ್ಕೆ ಬರೆಯೋದಕ್ಕೆ 15, ಓಡಿಸಿ ತೋರಿಸೋದಕ್ಕೆ 70, ವೈವಾಕ್ಕೆ (ಬಾಯಲ್ಲಿ ಕೇಳುವ ಪ್ರಶ್ನೆಗೆ) 15 ಇತ್ತು. ಚೀಟಿಯಲ್ಲಿ ಬಂದದ್ದು ಬರದಿದ್ದರೆ ಒಂದು ಸಲ ಬದಲಾಯಿಸಿಕೊಳ್ಳಬಹುದಿತ್ತು, ಬರೆಯೋದರ 15 ಅಂಕ ಹೋಗುತ್ತಿತ್ತು ಅಷ್ಟೆ. ಅಂದರೆ ಒಂದಕ್ಷರ ಅರ್ಥವಾಗದಿದ್ದರೂ ಪೂರ್ತಿ ಬಾಯಿಪಾಠ ಮಾಡಿದವನಿಗೆ 85 ಗ್ಯಾರಂಟಿ ಇತ್ತು.

ಇದು ಸುಮ್ನೆ ಹೇಳುತ್ತಿಲ್ಲ. ಶಿವಮೊಗ್ಗದ ಒಂದು ಕಾಲೇಜಿನಲ್ಲಿ ಓದುವ ತಂಗಿ ಮಗಳು ಹೋದ ರಜೆಯಲ್ಲಿ ಲ್ಯಾಬ್ ಪರೀಕ್ಷೆಗೆ ತಯಾರಾಗುತ್ತಿದ್ದಳು. ಟವರ್ಸ್ ಆಫ್ ಹನೋಯ್ ಪ್ರೋಗ್ರಾಮ್. 1883ರಲ್ಲಿ ಎದುವಾರ್ ಲ್ಯೂಕಾ ಅನ್ನುವ ಫ್ರೆಂಚ್ ಗಣಿತಜ್ಞ ಮಾಡಿದ ಒಗಟು, ಮೂರು ಕಂಬ, ಒಂದು ಕಂಬದ ಬಿಲ್ಲೆಗಳನ್ನು ಒಂದೊಂದಾಗಿ ಇನ್ನೊಂದಕ್ಕೆ ಸಾಗಿಸಬೇಕು, ದೊಡ್ಡದನ್ನು ಸಣ್ಣದರ ಮೇಲೆ ಇಡುವ ಹಾಗಿಲ್ಲ. ಪ್ರಪಂಚದ ಎಷ್ಟೋ ಕಾಲೇಜಿನಲ್ಲಿ ರಿಕರ್ಶನ್ ಹೇಳಿಕೊಡೋಕೆ ಇದನ್ನು ಬಳಸುತ್ತಾರೆ. ಅವಳು ನೋಡದೆ ಬರೆದಳು, ಮೂರು ಬಿಲ್ಲೆಗೆ ಏಳು ನಡೆ ಸರಿಯಾಗಿ ಬಂತು. ನಾಲ್ಕು ಬಿಲ್ಲೆ ಆದರೆ ಎಷ್ಟು ನಡೆ ಅಂದೆ. "ಮಾವ, ಅದನ್ನೆಲ್ಲ ಕೇಳಲ್ಲ ಬಿಡಿ, ಔಟ್‌ಪುಟ್ ಬಂದರೆ ಆಯ್ತು" ಅಂದಳು. ಸರಿ, ಬಿಲ್ಲೆ ಸೊನ್ನೆ ಆದಾಗ ವಾಪಸ್ ಹೋಗು ಅನ್ನುವ ಆ ಒಂದು ಸಾಲು ತೆಗೆದು ಓಡಿಸು ನೋಡೋಣ ಅಂದೆ. ಓಡಿಸಿದಳು, ಸೆಗ್ಮೆಂಟೇಶನ್ ಫಾಲ್ಟ್ ಅಂತ ಬಂದು ಪ್ರೋಗ್ರಾಮ್ ಅರ್ಧಕ್ಕೇ ನಿಂತುಹೋಯಿತು. ಅಷ್ಟು ಹೊತ್ತಿಗೆ ಕರೆಂಟೂ ಹೋಯಿತು (ಶರಾವತಿ ಮಗ್ಗುಲಲ್ಲೇ ಹರಿದರೂ ಮಳೆಗಾಲದಲ್ಲಿ ನಮ್ಮ ಕರೆಂಟಿನ ಕತೆ ಅಷ್ಟೇ). ಹುಡುಗಿ ರಫ್ ಹಾಳೆಯಲ್ಲಿ ಫಂಕ್ಷನ್ ತನ್ನನ್ನೇ ಕರೆಯೋದನ್ನು ಒಂದರ ಕೆಳಗೊಂದು ಬರೆಯುತ್ತಾ ಹೋದಳು. ಮೂರು, ಎರಡು, ಒಂದು, ಸೊನ್ನೆ, ಮೈನಸ್ ಒಂದು, ಮೈನಸ್ ಎರಡು. "ಅಯ್ಯೋ, ಇದು ನಿಲ್ಲೋದೇ ಇಲ್ಲ, ಸ್ಟ್ಯಾಕ್ ತುಂಬಿ ಹೋಯ್ತು!" ಸ್ಟ್ಯಾಕ್ ಅಂದರೆ ಇಲ್ಲಿ ಇಂಥ ಕರೆಗಳ ಲೆಕ್ಕ ಇಡುವ ಮೆಮೊರಿ. ನಾಲ್ಕು ಬಿಲ್ಲೆಗೆ 15 ನಡೆ, ಅಂದರೆ ಪ್ರತಿ ಸಲ ಎರಡರಷ್ಟು ಮತ್ತೊಂದು ಅನ್ನೋದನ್ನೂ ಅವಳೇ ಹೇಳಿದಳು. ಹುಡುಗಿ ಚುರುಕಾಗೇ ಇದ್ದಾಳೆ. ಸೆಮಿಸ್ಟರ್ ಇಡೀ ಒಬ್ಬರೂ ಆ ಸಾಲು ತೆಗೆದು ನೋಡು ಅಂದಿರಲಿಲ್ಲ.

ಅಮೆರಿಕದಲ್ಲಿ ಪಾಠ ಮಾಡುವವನೇ ಪ್ರಶ್ನೆ ತೆಗೆಯುತ್ತಾನೆ, ಅವನೇ ಅಂಕ ಕೊಡುತ್ತಾನೆ. ಎರಡು ವಾರಕ್ಕೊಂದು ಅಸೈನ್‌ಮೆಂಟ್, ಯಾವ ಪಟ್ಟಿಯಲ್ಲೂ ಇಲ್ಲದ್ದು. ಹುಡುಗರು ಬರೆದದ್ದನ್ನು ಆಟೋಗ್ರೇಡರ್ ಅನ್ನುವ ತಾನೇ ತಿದ್ದುವ ಸಾಫ್ಟ್‌ವೇರ್ ಅವರಿಗೆ ಗೊತ್ತಿಲ್ಲದ ಟೆಸ್ಟ್‌ಗಳನ್ನು ಹಾಕಿ ನೋಡುತ್ತದೆ. ತಪ್ಪಾಗುತ್ತದೆ, ಆಫೀಸ್ ಅವರ್ಸ್‌ಗೆ (ಮೇಷ್ಟ್ರನ್ನು ಕಂಡು ಕೇಳುವ ಹೊತ್ತು) ಬರುತ್ತಾರೆ, ಬಯ್ದುಕೊಂಡು ಮತ್ತೆ ಮಾಡುತ್ತಾರೆ. ಕಲಿಕೆ ಆಗೋದು ಆ ಒದ್ದಾಟದಲ್ಲೇ. ಕಾಪಿ ಹೊಡೆದರೆ ಹಿಡಿಯೋಕೆ ಮಾಸ್ ಅನ್ನುವ ಸಾಫ್ಟ್‌ವೇರ್ 1994ರಿಂದ ಇದೆ, ವೇರಿಯಬಲ್ ಹೆಸರು ಬದಲಾಯಿಸಿದರೂ ಬಿಡಲ್ಲ.

ಆದರೆ ಇದನ್ನೇ ಇಲ್ಲಿಗೂ ತನ್ನಿ ಅಂತ ನಾನು ಹೇಳಲ್ಲ, ಯಾಕೆಂದರೆ ಆ ಪದ್ಧತಿಗೂ ಈಗ ಗ್ರಹಚಾರ ಕೆಟ್ಟಿದೆ. 2022ರ ನವೆಂಬರಿನಲ್ಲಿ ಚಾಟ್‌ಜಿಪಿಟಿ ಬಂತಲ್ಲ, ಅಲ್ಲಿಂದ ಮನೆಯಲ್ಲಿ ಕೂತು ಮಾಡುವ ಅಸೈನ್‌ಮೆಂಟಿನ ಅಂಕಕ್ಕೆ ಅರ್ಥವೇ ಇಲ್ಲದ ಹಾಗಾಗಿದೆ. ಅದು ಬರೆದುಕೊಡುವ ಉತ್ತರ ಒಬ್ಬೊಬ್ಬರಿಗೆ ಒಂದೊಂದು ಥರ, ಮಾಸ್ ಪತ್ತೆ ಹಚ್ಚೋದಾದರೂ ಏನನ್ನು? ಈಗ ಮತ್ತೆ ಪೇಪರು ಪೆನ್ನಿನ ಪರೀಕ್ಷೆ ಶುರುವಾಗಿದೆ, ಕೆಲವರು ಬಾಯಲ್ಲಿ ಕೇಳೋಕೆ ಹೊರಟಿದ್ದಾರೆ. ನಾನೂ ಕೋಡ್ ಕೊಟ್ಟವರನ್ನೆಲ್ಲ ಎದುರಿಗೆ ಕೂರಿಸಿಕೊಂಡು ಈ ಸಾಲು ಯಾಕೆ, ಇದನ್ನು ತೆಗೆದರೆ ಏನಾಗುತ್ತದೆ ಅಂತ ಕೇಳುತ್ತೇನೆ. ನಮ್ಮ ಡಿಪಾರ್ಟ್‌ಮೆಂಟಿನಲ್ಲಿ ಎಂತದೋ ಹೊಸದು ಕಂಡುಹಿಡಿದೆ ಅನ್ನುವ ಹಾಗೆ ಮಾತಾಡಿಕೊಂಡರು. ಶಿವಮೊಗ್ಗದಲ್ಲಿ ಇದಕ್ಕೆ ವೈವಾ ಅನ್ನುತ್ತಾರೆ, ಎಷ್ಟೋ ಸಲ ಹೆಸರು, ಊರು ಕೇಳಿ ಎರಡು ನಿಮಿಷದಲ್ಲಿ ಮುಗಿಸಿ ಕಳಿಸುತ್ತಾರೆ.

ನನಗೆ ಸಿಟ್ಟು ಬರೋದು ಇಲ್ಲೇ. ಅಲ್ಲಿನವರು ಹುಡುಕುತ್ತಿರೋದು ನಮ್ಮ ಕೈಲಿದೆ, ಅದಕ್ಕೆ ಒಂದಿಷ್ಟು ಅಂಕ ಇಟ್ಟು ಮೂಲೆಗೆ ಹಾಕಿದ್ದೇವೆ.

ಮೇಷ್ಟ್ರುಗಳನ್ನು ಬಯ್ಯೋದು ಸುಲಭ, ನ್ಯಾಯವಲ್ಲ. 1857ರಲ್ಲಿ ಕಲ್ಕತ್ತಾ, ಬಾಂಬೆ, ಮದ್ರಾಸ್ ವಿವಿಗಳನ್ನು ಬ್ರಿಟಿಷರು ಲಂಡನ್ ವಿವಿ ಮಾದರಿಯಲ್ಲಿ ಕಟ್ಟಿದಾಗ ವಿವಿ ಕೆಲಸ ಪರೀಕ್ಷೆ ನಡೆಸೋದು, ಪಾಠ ಕಾಲೇಜುಗಳದ್ದು ಅಂತಾಯಿತು. ವಿಟಿಯು ಇರಲಿ, ಶಂಕರಘಟ್ಟದ ಕುವೆಂಪು ವಿವಿ ಇರಲಿ, ಅಫಿಲಿಯೇಟೆಡ್ ಕಾಲೇಜುಗಳಲ್ಲಿ ಇವತ್ತಿಗೂ ಅದೇ. ಪಾಠ ಮಾಡುವವರು ಒಬ್ಬರು, ಪ್ರಶ್ನೆ ತೆಗೆಯುವವರು ಇನ್ನೊಬ್ಬರು, ತಿದ್ದುವವರು ಮತ್ತೊಬ್ಬರು. ಎಲ್ಲರಿಗೂ ಒಂದೇ ಪರೀಕ್ಷೆ ಆಗಬೇಕಾದರೆ ಪಟ್ಟಿ ಬೇಕೇ ಬೇಕು. ತಾವೇ ಪರೀಕ್ಷೆ ನಡೆಸುವ ಆಟೋನಮಸ್ ಕಾಲೇಜಿನವರಿಗೆ ಮಾತ್ರ ಈ ನೆಪವೂ ಇಲ್ಲ.

ಆದರೂ ವಿಟಿಯು 2022ರ ಸ್ಕೀಮಿನಲ್ಲಿ ಅರ್ಧ ಅಂಕ ಇಂಟರ್ನಲ್ಸ್‌ಗೆ ಇದೆ, ಅದು ಕಾಲೇಜಿನ ಕೈಲೇ ಇದೆ. ಅಲ್ಲಿ ಪಟ್ಟಿಯಿಂದಾಚೆ ಒಂದೇ ಒಂದು ಪ್ರೋಗ್ರಾಮ್ ಕೊಡಬಹುದು. ಶಿವಮೊಗ್ಗ ಎಪಿಎಂಸಿಯ ಅಡಿಕೆ ಧಾರಣೆಯನ್ನೇ ತಗೊಳ್ಳಿ. ಸರಕು, ಬೆಟ್ಟೆ, ರಾಶಿ, ಗೊರಬಲು ಅಂತ ಅಡಿಕೆಯ ಬಗೆಗಳು, ಒಂದೊಂದಕ್ಕೂ ಕನಿಷ್ಠ, ಗರಿಷ್ಠ ದರ. ಒಂದು ವರ್ಷದ್ದು ಫೈಲ್ ಮಾಡಿ ಕೊಟ್ಟು, ಯಾವ ವಾರ ಮಾರಿದ್ದರೆ ರಾಶಿಗೆ ಒಳ್ಳೆ ರೇಟು ಸಿಗುತ್ತಿತ್ತು ಹೇಳಿ ಅನ್ನಿ. ಮಾರ್ಕೆಟ್ ರಜೆ ಇದ್ದ ದಿನದ ಸಾಲು ಖಾಲಿ ಇರುತ್ತದೆ, ಹುಡುಗರ ಪ್ರೋಗ್ರಾಮ್ ಅದನ್ನು ಸೊನ್ನೆ ರೂಪಾಯಿ ಅಂತ ಓದಿ ಸರಾಸರಿ ಕೆಡಿಸುತ್ತದೆ. ಮನೆಯಲ್ಲಿ ತೋಟ ಇರುವ ಹುಡುಗ ಉತ್ತರ ನೋಡಿದ ಕೂಡಲೇ ಇದು ಸಾಧ್ಯವೇ ಇಲ್ಲ ಅಂತಾನೆ. ಡೀಬಗ್ ಮಾಡೋದನ್ನು, ಅಂದರೆ ಪ್ರೋಗ್ರಾಮಿನ ತಪ್ಪು ಹುಡುಕಿ ಸರಿಮಾಡೋದನ್ನು, ಅಲ್ಲಿಂದ ಹೇಳಿಕೊಡಬಹುದು. ಆಮೇಲೆ ಒಬ್ಬೊಬ್ಬರನ್ನೇ ಕರೆದು ಹತ್ತು ನಿಮಿಷ ಕೇಳಿ, ಬೇಕಾದರೆ ಕನ್ನಡದಲ್ಲೇ. ಅರವತ್ತು ಜನರಿಗೆ ಸಮಯ ಎಲ್ಲಿದೆ ಅಂದರೆ, ರೆಕಾರ್ಡ್ ಬರೆಸೋದು, ಅದಕ್ಕೆ ಸಹಿ ಹಾಕೋದು ನಿಲ್ಲಿಸಿದರೆ ಎಷ್ಟು ಗಂಟೆ ಉಳಿಯುತ್ತದೆ ಅಂತ ಒಂದು ಸಲ ಲೆಕ್ಕ ಹಾಕಿ.