ರಾಜನ ಗೋರಿ ಹೊತ್ತ ಆನೆಗಳು

ಮೊನ್ನೆ ಪರಿಚಯದವರೊಬ್ಬರು ಮೆಸೆಂಜರಿನಲ್ಲಿ ಕೇಳಿದ್ದರು: "ಲಿಸ್ಬನ್‌ನಲ್ಲಿ ಎರಡು ದಿನ ಇರ್ತೀವಿ. ಬೆಲೆಂ ಗೋಪುರ, 28ನೇ ನಂಬರ್ ಟ್ರಾಮ್, ಆಮೇಲೆ ಆ ಕಸ್ಟರ್ಡ್ ತಿಂಡಿ. ಇಷ್ಟು ಲಿಸ್ಟ್ ಮಾಡ್ಕೊಂಡಿದೀವಿ, ಸಾಕಲ್ವ?" ಸಾಕು ಅಂತ ಉತ್ತರ ಹಾಕಿ ಮಲಗಿದೆ. ಬೆಳಿಗ್ಗೆ ಎದ್ದರೂ ಅದೇ ತಲೆಯಲ್ಲಿ. ಸಾಕಾಗುವುದಿಲ್ಲ ಮಾರಾಯ್ರೆ, ಅದರಲ್ಲೂ ಕರಾವಳಿಯವರಿಗೆ ಖಂಡಿತ ಸಾಕಾಗುವುದಿಲ್ಲ. ಅದಕ್ಕೇ ಇಲ್ಲಿ ಉದ್ದಕ್ಕೆ ಬರೆಯುತ್ತಿದ್ದೇನೆ.

ನಾನು ಹೊನ್ನಾವರದ ಕಡೆಯವನು. ನಮ್ಮ ತೋಟದಲ್ಲಿ ಅಡಿಕೆ ಮರ ಇದ್ದಲ್ಲೆಲ್ಲ ಮೆಣಸಿನ ಬಳ್ಳಿ ಉಂಟು. ಮಗಳು ಅಲ್ಲಿ ಓದುತ್ತಿದ್ದಾಗ ಹತ್ತು ದಿನ ಹೋಗಿದ್ದೆ. ಮೊದಲ ದಿನವೇ, ಉಳಿದುಕೊಂಡಿದ್ದ ಮನೆಯ ಯಜಮಾನಿ ಕೈಗೆ ಬೀಗದಕೈ ಇಟ್ಟು 'ಶಾವಿ' ಎಂದರು. ನಮ್ಮ ಚಾವಿ! ಮಾರನೇ ದಿನ ಅಂಗಡಿಯಲ್ಲಿ ಬಟಾಟೆಯ ರಾಶಿಯ ಮೇಲೆ 'ಬಟಾಟ' ಎಂದು ಬೋರ್ಡು. ಪಾದ್ರಿ, ಚಾವಿ, ಬಟಾಟೆ ಇವೆಲ್ಲ ಈ ಊರಿಂದ ಹಡಗು ಹತ್ತಿ ನಮ್ಮಲ್ಲಿಗೆ ಬಂದ ಮಾತುಗಳು. ನಮ್ಮಿಂದ ಅಲ್ಲಿಗೆ ಹೋದದ್ದು ಮೆಣಸು. ಆ ಮೆಣಸು ಏನಾಯಿತು ಎಂದು ನೋಡಬೇಕಾದರೆ ಜೆರೋನಿಮೋಸ್ ಮಠಕ್ಕೆ ಹೋಗಬೇಕು.

1501ರ ಹೊತ್ತಿಗೆ ಪೋರ್ಚುಗಲ್ಲಿನ ರಾಜ ಮೊದಲನೆಯ ಮನುವೆಲ್ ಇದನ್ನು ಶುರು ಮಾಡಿಸಿದ. ಮುಗಿಯಲು ಸುಮಾರು ನೂರು ವರ್ಷ ಹಿಡಿಯಿತು. ದುಡ್ಡು ಎಲ್ಲಿಂದ? ಆಫ್ರಿಕಾ ಮತ್ತು ಪೂರ್ವದ ವ್ಯಾಪಾರದ ಮೇಲೆ ಶೇಕಡಾ 5 ತೆರಿಗೆ. ಅದಕ್ಕೆ ಅವರಿಟ್ಟ ಹೆಸರೇ 'ವಿಂತೆನ ದ ಪಿಮೆಂತ', ಅಂದರೆ ಮೆಣಸಿನ ಇಪ್ಪತ್ತರಲ್ಲೊಂದು ಪಾಲು. ಕಂಬದ ತುಂಬ ಹಡಗಿನ ಹಗ್ಗ, ಗಂಟು, ಎಲೆ, ಬಳ್ಳಿ. ಆ ಸುಣ್ಣಕಲ್ಲು ಸಂಜೆ ಬಿಸಿಲಿಗೆ ಬೆಣ್ಣೆಯ ಬಣ್ಣಕ್ಕೆ ತಿರುಗುತ್ತದೆ. ಚೆಂದ ಇಲ್ಲ ಅಂದರೆ ಸುಳ್ಳಾದೀತು. ಬೇಲೂರು ನೋಡಿದ ಕಣ್ಣಿಗೂ ಚೆಂದವೇ.

ಚರ್ಚಿನ ಒಳಗೆ ಕಾಲಿಟ್ಟ ಕೂಡಲೇ ಒಂದು ಕಡೆ ವಾಸ್ಕೋ ಡ ಗಾಮನ ಗೋರಿ, ಇನ್ನೊಂದು ಕಡೆ ಕವಿ ಕಮೊಯಿಂಶನದು. ಎಲ್ಲರೂ ಗಾಮನ ಮುಂದೆ ಸೆಲ್ಫಿ. ಈತ ಸತ್ತದ್ದು 1524ರಲ್ಲಿ, ಕೊಚ್ಚಿಯಲ್ಲಿ. ಮೊದಲು ಹೂತದ್ದೂ ಅಲ್ಲೇ. ಎಲುಬು ಊರಿಗೆ ಬಂದದ್ದು ಹದಿನೈದು ವರ್ಷದ ಮೇಲೆ. ನೀವು ಅಲ್ಲಿ ಹೆಚ್ಚು ಹೊತ್ತು ನಿಲ್ಲಬೇಡಿ. ನೆಟ್ಟಗೆ ಗರ್ಭಗುಡಿಯಂಥ ಆ ಕೊನೆಯ ಭಾಗಕ್ಕೆ ಹೋಗಿ. ಗೋಡೆಯಲ್ಲಿ ಕಮಾನು, ಕಮಾನಿನೊಳಗೆ ರಾಜರಾಣಿಯರ ಅಮೃತಶಿಲೆಯ ಪೆಟ್ಟಿಗೆ. ಪ್ರತಿ ಪೆಟ್ಟಿಗೆಯ ಅಡಿಗೆ ಆನೆಗಳು! ಮನುವೆಲ್‌ನ ಗೋರಿಯನ್ನೂ ಅವನ ಮಗನ ಗೋರಿಯನ್ನೂ ಕಲ್ಲಿನ ಆನೆಗಳು ಹೊತ್ತು ನಿಂತಿವೆ, ನಾಲ್ಕೂವರೆ ಶತಮಾನದಿಂದ. ಕಿವಿ ಸ್ವಲ್ಪ ಎಡವಟ್ಟು, ಕೆತ್ತಿದವನು ಆನೆಯನ್ನು ಸರಿಯಾಗಿ ನೋಡಿದ್ದನೋ ಇಲ್ಲವೋ ಎಂದು ಅನುಮಾನ ಬರುವ ಹಾಗೆ. ನಮ್ಮ ದೇವಸ್ಥಾನದ ಬಾಗಿಲಲ್ಲಿ ಆನೆ ಸೊಂಡಿಲೆತ್ತಿ ನಿಂತಿರುತ್ತದೆ. ಇಲ್ಲಿ ತಲೆ ತಗ್ಗಿಸಿ ಇನ್ನೊಬ್ಬರ ಹೆಣ ಹೊತ್ತಿದೆ. ನನಗೆ ಯಾಕೋ ಗಂಟಲು ಕಟ್ಟಿತು. ಪಕ್ಕದಲ್ಲಿದ್ದ ಮಗಳು "ಅಪ್ಪಾ, ಬಾ, ಸಾಕು" ಎಂದಳು.

ಯಾಕೆ ಕಟ್ಟಿತು ಎಂದರೆ, ಈ ಕತೆಯ ಇನ್ನೊಂದು ತುದಿ ನಮ್ಮೂರಿನಲ್ಲಿದೆ. 1498ರಲ್ಲಿ ಗಾಮ ವಾಪಸು ಹೊರಟಾಗ ಹಡಗು ದುರಸ್ತಿಗೆ ನಿಂತದ್ದು ಕಾರವಾರದ ಎದುರಿನ ಅಂಜದೀವ್ ದ್ವೀಪದಲ್ಲಿ. 1505ರಲ್ಲಿ ಪೋರ್ಚುಗೀಸ್ ವೈಸರಾಯ್ ಅಲ್ಮೇಡ ಬಂದು ಹೊನ್ನಾವರದ ಬಂದರಿನಲ್ಲಿ ಹಡಗುಗಳಿಗೆ ಬೆಂಕಿ ಇಟ್ಟ. ಐದೇ ವರ್ಷ ಕಳೆಯುವಷ್ಟರಲ್ಲಿ ನಮ್ಮ ಹೊನ್ನಾವರದ ನೌಕಾನಾಯಕ ತಿಮ್ಮೋಜನೇ ಮುಂದೆ ನಿಂತು ಪೋರ್ಚುಗೀಸ್ ಗವರ್ನರ್ ಅಲ್ಬುಕರ್ಕ್‌ಗೆ ಗೋವೆ ಹಿಡಿಯುವ ದಾರಿ ತೋರಿಸಿದ. ಹಾಗಾಗಿ ಎಲ್ಲ ತಪ್ಪೂ ಅವರದೇ ಎನ್ನಲು ನನಗೆ ಬಾಯಿ ಬರುವುದಿಲ್ಲ. ಗೇರುಸೊಪ್ಪೆಯ ಚೆನ್ನಭೈರಾದೇವಿಯನ್ನು ಪೋರ್ಚುಗೀಸರು ಕರೆದದ್ದೇ 'ಮೆಣಸಿನ ರಾಣಿ' ಎಂದು. ಅವರು ತಂದು ಬಿಟ್ಟುಹೋದ ಅಮೆರಿಕದ ಖಾರದ ಕಾಯಿ ಮೆಣಸಿನ ಹೆಸರನ್ನೂ ಹೊಡೆದುಕೊಂಡಿತು. ಈಗ ನಾವು 'ಮೆಣಸು' ಅಂದರೆ ಯಾವುದು ಎಂದು ಕೇಳುವ ಸ್ಥಿತಿ. ಮೂಲದ್ದನ್ನು ಕಾಳುಮೆಣಸು ಎಂದು ಬಿಡಿಸಿ ಹೇಳಬೇಕು. ಮನೆ ಮಗನೇ ಗುರುತಿನ ಚೀಟಿ ತೋರಿಸಬೇಕಾದ ಹಾಗೆ.

ಇನ್ನು ಬೆಲೆಂ ಗೋಪುರ. ನಾನು ಒಳಗೆ ಹೋಗಲು ಬಿಸಿಲಲ್ಲಿ ಒಂದೂವರೆ ಗಂಟೆ ಸಾಲು ನಿಂತೆ. ಒಳಗೆ ಕಡಿದಾದ ಸುರುಳಿ ಮೆಟ್ಟಿಲು, ಖಾಲಿ ಕೋಣೆಗಳು. ನನ್ನ ಕೇಳಿದರೆ ಹೊರಗಿಂದ ನೋಡುವುದೇ ಲೇಸು. ಹೊರಗೆ ಒಂದು ಕಾವಲು ಗೂಡಿನ ಬುಡದಲ್ಲಿ ಘೇಂಡಾಮೃಗದ ತಲೆ ಇದೆ, ಅದನ್ನು ಹುಡುಕಿ. ಗಾಳಿ ಮಳೆಗೆ ಸವೆದು ಹಂದಿಯೋ ಏನೋ ಅನ್ನುವ ಹಾಗಾಗಿದೆ. ಗುಜರಾತಿನ ಸುಲ್ತಾನ ಕೊಟ್ಟ ಈ ಪ್ರಾಣಿ 1515ರ ಮೇ ತಿಂಗಳಲ್ಲಿ ಲಿಸ್ಬನ್ನಿಗೆ ಬಂತು. ಅವರೂ ಅದನ್ನು 'ಗಂಡ' ಎಂದೇ ಕರೆದರು. ರಾಜನಿಗೆ ಖಯಾಲಿ ಹತ್ತಿ ಆನೆಯ ಎದುರು ಬಿಟ್ಟ, ಆನೆ ಓಡಿಹೋಯಿತು. ಆಮೇಲೆ ಪೋಪನಿಗೆ ಉಡುಗೊರೆ ಎಂದು ಹಡಗು ಹತ್ತಿಸಿದರು. ಇಟಲಿಯ ಹತ್ತಿರ ಹಡಗು ಮುಳುಗಿತು, ಪಾಪ. ಜರ್ಮನಿಯ ಡ್ಯೂರರ್ ಅದನ್ನು ಕಣ್ಣಾರೆ ನೋಡದೆ ಬರೆದ ಚಿತ್ರವನ್ನು ಜಗತ್ತು ಇನ್ನೂ ನೋಡುತ್ತಿದೆ.

ಅಲ್ಲೇ ನದಿ ದಂಡೆಯಲ್ಲಿ 52 ಮೀಟರಿನ ಕಾಂಕ್ರೀಟು ಹಡಗಿನಂಥ ಸ್ಮಾರಕ, ಸಮುದ್ರಯಾನಿಗಳದ್ದು. 1940ರಲ್ಲಿ ಪ್ರದರ್ಶನಕ್ಕೆಂದು ತಾತ್ಕಾಲಿಕವಾಗಿ ಮಾಡಿದ್ದನ್ನು 1960ರಲ್ಲಿ ಗಟ್ಟಿಯಾಗಿ ಕಟ್ಟಿದರು. ಮರುವರ್ಷ ಡಿಸೆಂಬರಿನಲ್ಲಿ ಗೋವೆ ಪೋರ್ಚುಗೀಸರ ಕೈಬಿಟ್ಟಿತು. ಗಾಮ ತಂಗಿದ್ದ ಅದೇ ಅಂಜದೀವ್‌ಗೆ ನಮ್ಮ ನೌಕಾಪಡೆ ಇಳಿಯಿತು, ಏಳು ನಾವಿಕರು ಪ್ರಾಣ ಕೊಟ್ಟರು. ಆ ಕಾರ್ಯಾಚರಣೆಗೆ ಹೋಗಿದ್ದ ಹಡಗುಗಳಲ್ಲಿ ಒಂದರ ಹೆಸರು ಐಎನ್‌ಎಸ್ ಮೈಸೂರು. ಸ್ಮಾರಕದ ಬಗ್ಗೆ ನನಗೆ ಹೇಳಲು ಇಷ್ಟೇ ಇರುವುದು. ಫೋಟೋ ಹೊಡೆದು ಮುಂದೆ ನಡೆಯಿರಿ.

ನನ್ನ ಲಿಸ್ಬನ್ ಇರುವುದು ಪೇಟೆಯ ಒಳಗೆ, ಒಡೆದದ್ದನ್ನು ಒಡೆದ ಹಾಗೇ ಬಿಟ್ಟ ಎರಡು ಜಾಗಗಳಲ್ಲಿ.

ಒಂದು, ರೊಸ್ಸಿಯು ಚೌಕದ ಮಗ್ಗುಲಿನ ಸಾವೊ ದೊಮಿಂಗೋಸ್ ಚರ್ಚು. ಹೊರಗಿಂದ ಏನೂ ಅನ್ನಿಸುವುದಿಲ್ಲ. ಒಳಗೆ ಹೋದರೆ ಕಂಬಗಳು ಸುಟ್ಟು, ಚಕ್ಕೆ ಎದ್ದು, ಬಿರುಕು ಬಿಟ್ಟು ನಿಂತಿವೆ. 1959ರಲ್ಲಿ ಬೆಂಕಿ ಬಿದ್ದದ್ದು. ಛಾವಣಿ ಹೊಸದು ಹಾಕಿ ಬಣ್ಣ ಬಳಿದರು, ಕಂಬ ಮಾತ್ರ ಮುಟ್ಟಲಿಲ್ಲ. ಕೈಯಿಟ್ಟು ನೋಡಿದೆ, ಬಾಣಲೆಯ ತಳದ ಹಾಗೆ ದೊರಗು. ಈ ಚರ್ಚಿನಿಂದಲೇ 1506ರಲ್ಲಿ ಜನ ಹೊರಬಿದ್ದು, ಬಲವಂತವಾಗಿ ಮತಾಂತರಗೊಂಡಿದ್ದ ಯಹೂದಿಗಳನ್ನು ಹುಡುಕಿ ಹುಡುಕಿ ಕೊಂದರು. ಅವರ ನೆನಪಿಗೆ ಹೊರಗೆ ಒಂದು ಕಲ್ಲು ಇದೆ. ಅದರ ಹತ್ತಿರವೇ ಜನ ಜಿಂಜಿಞ ಎಂಬ ಚೆರ್ರಿ ಮದ್ಯದ ಪುಟ್ಟ ಲೋಟ ಹಿಡಿದು ಹರಟುತ್ತಿರುತ್ತಾರೆ.

ಇನ್ನೊಂದು ಕಾರ್ಮು. ಗುಡ್ಡದ ಮೇಲಿನ ಹಳೇ ಮಠ, 1389ರಲ್ಲಿ ಶುರುವಾದದ್ದು. 1755ರ ನವೆಂಬರ್ 1, ಎಲ್ಲ ಸಂತರ ಹಬ್ಬ, ಬೆಳಗಿನ ಪೂಜೆಗೆ ಜನ ಚರ್ಚಿನಲ್ಲಿ, ಎಲ್ಲೆಲ್ಲೂ ಮೇಣದಬತ್ತಿ. ಆಗ ನೆಲ ನಡುಗಿತು. ಬದುಕಿದವರು ಬಯಲಿದೆ ಎಂದು ನದಿ ದಂಡೆಗೆ ಓಡಿದರು, ಅಲ್ಲಿ ಸುನಾಮಿ ಬಂತು. ಉಳಿದದ್ದನ್ನು ದಿನಗಟ್ಟಲೆ ಬೆಂಕಿ ತಿಂದಿತು. ಮಠವನ್ನು ಮತ್ತೆ ಕಟ್ಟಲು ಹೊರಟವರು ಅರ್ಧಕ್ಕೆ ನಿಂತರು, ಯಾಕೆಂದರೆ 1834ರಲ್ಲಿ ಸರ್ಕಾರ ಮಠಗಳನ್ನೇ ರದ್ದು ಮಾಡಿತು. ಹಾಗಾಗಿ ಈವತ್ತು ಅಲ್ಲಿ ಇರುವುದು ಕಂಬ, ಕಮಾನು, ಮೇಲೆ ಆಕಾಶ, ಕೆಳಗೆ ಹುಲ್ಲು. ನಾನು ಕೂತಿದ್ದಾಗ ಸಣ್ಣ ಮಳೆ ಬಂತು. ಒಬ್ಬರೂ ಓಡಲಿಲ್ಲ. ಓಡಲು ಛಾವಣಿ ಎಲ್ಲಿ?

ಕೆಳಗಿನ ಬಾಯ್ಶ ಪೇಟೆಯನ್ನು ಮಂತ್ರಿ ಪೊಂಬಾಲ್ ಹೊಸದಾಗಿ ಕಟ್ಟಿಸಿದ. ಗೋಡೆಯೊಳಗೆ ಮರದ ಪಂಜರ ಇಟ್ಟು, ಭೂಕಂಪ ತಡೆಯುತ್ತದೋ ಇಲ್ಲವೋ ನೋಡಲು ಮಾದರಿಯ ಸುತ್ತ ಸೈನಿಕರನ್ನು ಧಡಧಡ ನಡೆಸಿದರಂತೆ. ಊರೂರಿನ ಪಾದ್ರಿಗಳಿಗೆ ಪ್ರಶ್ನೆಪತ್ರಿಕೆ ಬೇರೆ ಹೋಯಿತು: ಎಷ್ಟು ಹೊತ್ತು ನಡುಗಿತು, ಎಷ್ಟು ಮನೆ ಬಿತ್ತು, ಎಷ್ಟು ಜನ ಸತ್ತರು. ಭೂಕಂಪದ ಶಾಸ್ತ್ರ ಬರೆಯುವವರು ಈ ಪತ್ರಿಕೆಯನ್ನು ಈಗಲೂ ನೆನೆಯುತ್ತಾರೆ.

ಕಾರ್ಮು ಮಠದ ಎದುರಿನ ಪುಟ್ಟ ಚೌಕದಲ್ಲಿ ಜಕರಂಡ ಮರಗಳಿವೆ, ಬೆಂಗಳೂರಿನ ನೆನಪಾಗುತ್ತದೆ. 1974ರ ಏಪ್ರಿಲ್ 25ರಂದು ಸರ್ವಾಧಿಕಾರದ ವಿರುದ್ಧ ದಂಗೆಯೆದ್ದ ಕ್ಯಾಪ್ಟನ್ ಸಲ್ಗೆಯ್ರು ಮಾಯ ತನ್ನ ಸೈನಿಕರೊಂದಿಗೆ ಸುತ್ತುವರಿದದ್ದು ಇಲ್ಲಿಯ ಬ್ಯಾರಕ್ಕನ್ನೇ. ಒಳಗೆ ಅಡಗಿದ್ದ ಪ್ರಧಾನಿ ಕಯ್ತಾನು ಸಂಜೆಗೆ ಅಧಿಕಾರ ಬಿಟ್ಟುಕೊಟ್ಟ. ಬಂದೂಕಿನ ಬಾಯಿಗೆ ಕಾರ್ನೇಷನ್ ಹೂ ಸಿಕ್ಕಿಸಿದ ದಿನ ಅದು. ಗೋವೆ ಭಾರತದ್ದು ಎಂದು ಪೋರ್ಚುಗಲ್ ಕಾಗದದ ಮೇಲೆ ಒಪ್ಪಿದ್ದೂ ಅದೇ ವರ್ಷದ ಕೊನೆಯ ದಿನ. ಅಂದರೆ ನಮ್ಮ ಕರಾವಳಿಯ ಆ ಕತೆ ಮುಗಿದದ್ದು ಒಂದು ರೀತಿಯಲ್ಲಿ ಈ ಚೌಕದಲ್ಲೇ. ಬೆಂಚಿನ ಮೇಲೆ ಅರ್ಧ ಗಂಟೆ ಸುಮ್ಮನೆ ಕೂರಿ. ಟಿಕೆಟ್ ಇಲ್ಲ.

ವಾಪಸು ಬರುವ ಮುಂಚೆ ಸೂಪರ್ ಮಾರ್ಕೆಟ್ಟಿನಲ್ಲಿ ಒಂದು ಪೊಟ್ಟಣ ಕಾಳುಮೆಣಸು ಎತ್ತಿ ಹಿಂದುಗಡೆ ಓದಿದೆ. ವಿಯೆಟ್ನಾಮಿನದ್ದು. ಅಲ್ಲೇ ಇಟ್ಟು ಬಂದೆ.

ಹೊರಟವರಿಗೆ ಎರಡು ಮಾತು. ಅಲ್ಲಿಯ ಫುಟ್‌ಪಾತ್ ಸಣ್ಣ ಸಣ್ಣ ಸುಣ್ಣಕಲ್ಲು ಜೋಡಿಸಿದ್ದು, ಮಳೆ ಬಿದ್ದರೆ ಪಾಚಿ ಕಟ್ಟಿದ ಅಂಗಳವೇ ಸೈ. ನಾನು ಒಮ್ಮೆ ಜಾರಿ ಬಿದ್ದಾಗಿದೆ, ಒಳ್ಳೆ ಶೂ ಹಾಕಿ. ಜೆರೋನಿಮೋಸ್‌ಗೆ ಸೋಮವಾರ ರಜೆ, ಕಾರ್ಮುಗೆ ಭಾನುವಾರ. ನಿಮ್ಮ ಎರಡು ದಿನ ಅದೇ ಎರಡು ದಿನ ಆಗದ ಹಾಗೆ ಟಿಕೆಟ್ ಮಾಡಿಸಿ.